ಬಾಸ್ಕ್ ಪೆಲೋಟಾ ಅಂದರೆ ಉದ್ದ ಬುಟ್ಟಿಯಿಂದ ಚೆಂಡೆಸೆಯುವ ಹೈ ಅಲೈ ಆಟವೇನಾ? ಬೇರೆ ಬಗೆಗಳೂ ಇವೆಯಾ?

ಹೈ ಅಲೈ ಪೆಲೋಟಾದ ಒಂದು ಬಗೆ ಮಾತ್ರ. ಹೊರಗಿನವರ ಕಣ್ಣಿಗೆ ಹೆಚ್ಚಾಗಿ ಬಿದ್ದಿರುವುದು ಅದೇ ಆದ್ದರಿಂದ ಎಲ್ಲರೂ ಹಾಗೆ ತಿಳಿಯುತ್ತಾರೆ. ಆದರೆ ಬಾಸ್ಕ್ ಜನ ಜೀವ ಬಿಡುವುದು ಬರಿಗೈ ಆಟಕ್ಕೆ.

ಸ್ಪೇನ್ ಮತ್ತು ಫ್ರಾನ್ಸ್ ಎರಡರಲ್ಲೂ ಹರಡಿರುವ ಬಾಸ್ಕ್ ನಾಡಿನ ಊರೂರಲ್ಲೂ, ಎಷ್ಟೋ ಕಡೆ ಚರ್ಚಿನ ಪಕ್ಕದಲ್ಲೇ, ಫ್ರೊಂಟೋನ್ ಎಂಬ ಆಟದ ಅಂಗಳ ಸಿಗುತ್ತದೆ. ಎದುರಿಗೊಂದು ಎತ್ತರದ ಗೋಡೆ, ಸ್ಪೇನ್ ಕಡೆ ಸಾಮಾನ್ಯವಾಗಿ ಎಡಕ್ಕೂ ಒಂದು. ಚೆಂಡನ್ನು ಎದುರುಗೋಡೆಗೆ ಹೊಡೆಯಬೇಕು. ಅದು ನೆಲದಲ್ಲಿ ಎರಡನೇ ಸಲ ಪುಟಿಯುವುದರೊಳಗೆ ಎದುರಾಳಿ ತಿರುಗಿಸಿ ಹೊಡೆಯಬೇಕು. ಗೋಡೆಯ ಕೆಳಭಾಗದಲ್ಲಿ ಲೋಹದ ಪಟ್ಟಿ ಇರುತ್ತದೆ. ಚೆಂಡು ಅದಕ್ಕೆ ತಗುಲಿ ಟಣ್ ಅಂದರೆ ಪಾಯಿಂಟ್ ಹೋಯಿತು ಅಂತಲೇ ಲೆಕ್ಕ.

ನಾನು ಬಾಸ್ಕ್ ನಾಡಿನ ಬಿಲ್ಬಾವೊ ನಗರದಲ್ಲಿ ಕೆಲಸಕ್ಕಿದ್ದಾಗ ನೋಡುತ್ತಿದ್ದುದು ಬರಿಗೈ ಪಂದ್ಯಗಳನ್ನೇ. ವೃತ್ತಿಪರರ ಚೆಂಡು ನೂರು ಗ್ರಾಂ ದಾಟುತ್ತದೆ: ಗಟ್ಟಿ ತಿರುಳು, ಸುತ್ತಲೂ ಬಿಗಿಯಾಗಿ ಸುತ್ತಿದ ಉಣ್ಣೆ ಮತ್ತು ಹತ್ತಿ ನೂಲು, ಮೇಲೆ ಆಡಿನ ಚರ್ಮ. ಕಲ್ಲಿನಂಥ ಅದನ್ನು ಅಂಗೈಯಿಂದಲೇ ಹೊಡೆಯಬೇಕು. ಅದಕ್ಕೇ ಆಟಗಾರರು ಮೊದಲೇ ಕೂತು ಬೆರಳಿನ ಬುಡಕ್ಕೆ, ಅಂಗೈಗೆ ತೆಳು ಪ್ಯಾಡುಗಳನ್ನು ಪದರ ಪದರವಾಗಿ ಅಂಟಿಸಿಕೊಳ್ಳುತ್ತಾರೆ. ಆದರೂ ಕೈ ಊದಿಕೊಂಡು ಪಂದ್ಯ ತಪ್ಪಿಸಿಕೊಳ್ಳುವವರಿದ್ದಾರೆ. ಆಡುವವರಲ್ಲಿ ಒಬ್ಬನದು ಕೆಂಪು ಬಣ್ಣ, ಇನ್ನೊಬ್ಬನದು ನೀಲಿ. ಮೊದಲು 22 ಪಾಯಿಂಟ್ ಮಾಡಿದವನು ಗೆದ್ದ. ಬಾಜಿ ಕಟ್ಟಿಸಿಕೊಳ್ಳುವವರು ಅಂಗಳದ ಅಂಚಿನಲ್ಲೇ ನಿಂತು ಕೂಗುತ್ತಾರೆ; ಸೀಳಿದ ಟೆನಿಸ್ ಚೆಂಡಿನೊಳಗೆ ಚೀಟಿ ಇಟ್ಟು ಗ್ಯಾಲರಿಗೆ ಎಸೆಯುತ್ತಾರೆ. ಆ ಗದ್ದಲ ನನಗೆ ತುಂಬಾ ಇಷ್ಟ.

ಬರಿಗೈಯಲ್ಲೇ 'ನಾಲ್ಕೂವರೆ' ಎಂಬ ಪಂದ್ಯಾವಳಿಯೂ ಇದೆ. ಎದುರುಗೋಡೆಯಿಂದ 15.75 ಮೀಟರ್ ದೂರದ ಗೆರೆಯೊಳಗೇ ಚೆಂಡು ಪುಟಿಯಬೇಕು. ತೋಳಿನ ಬಲಕ್ಕಿಂತ ತಲೆ ಓಡಬೇಕಾದ ಆಟ. ಮೊದಲ ಸಲ ನೋಡುವವರಿಗೆ ನಾನು ಹೇಳುವುದು ಇದನ್ನೇ.

ಉಳಿದವು ಸಲಕರಣೆಯ ಮೇಲೆ ಬೇರೆಯಾಗುತ್ತವೆ. ಪಾಲಾದಲ್ಲಿ ಮರದ ಬ್ಯಾಟು. ಶಾರೆಯಲ್ಲಿ ಸಡಿಲ ಬಲೆಯ ರಾಕೆಟ್. ರೆಮೊಂತೆಯಲ್ಲಿ ಚಿಕ್ಕ ಬುಟ್ಟಿ, ಆದರೆ ಚೆಂಡನ್ನು ಅದರಲ್ಲಿ ಹಿಡಿದು ನಿಲ್ಲಿಸುವಂತಿಲ್ಲ, ಜಾರಿಸಿ ಬಿಡಬೇಕು. ಹೈ ಅಲೈಯಲ್ಲಿ ಹಿಡಿದು ಎಸೆಯಬಹುದು, ಅಂಗಳವೂ 54 ಮೀಟರ್ ಉದ್ದ. ಅದರ ವೇಗಕ್ಕೆ ಕಾರಣ ಇದೇ: 1979ರಲ್ಲಿ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಹೊಸೆ ರಾಮೋನ್ ಅರೇತಿಯೊ ಎಸೆದ ಚೆಂಡು ಗಂಟೆಗೆ 302 ಕಿಲೋಮೀಟರ್ ಮುಟ್ಟಿತ್ತು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಪೆಲೋಟಾ ಇತ್ತು.

ಬರಿಗೈ ಪಂದ್ಯಗಳನ್ನು ಬಾಸ್ಕ್ ಟಿವಿ ಇಟಿಬಿ ಪ್ರಸಾರ ಮಾಡುತ್ತದೆ. ಹೈ ಅಲೈಯನ್ನೇ ನೋಡಬೇಕು ಅಂತಿದ್ದರೆ ಗೆರ್ನಿಕಾ ಊರಿನ ಫ್ರೊಂಟೋನ್‌ಗೆ ಹೋಗಿ, ಆದರೆ ಹೊರಡುವ ಮುಂಚೆ ಪಂದ್ಯದ ದಿನ ವಿಚಾರಿಸಿಕೊಳ್ಳಿ.