ಇಲಿಗೆ ವಾಸಿಯಾಯಿತಂತೆ, ನಮ್ಮ ಹುಡುಗಿಗೆ ಯಾವಾಗ?

ಪ್ರಶ್ನೆ: ಡಾಕ್ಟರೇ, ನಾನು ತಿತಿಮತಿ ಕಡೆ ಆಶಾ ಕಾರ್ಯಕರ್ತೆ. ಇಲ್ಲೊಂದು ಹಾಡಿಯಲ್ಲಿ ಒಂಬತ್ತು ವರ್ಷದ ಹುಡುಗಿಗೆ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇದೆ. ಅದಕ್ಕೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಡ್ತಿದ್ದಾರೆ. ಮಳೆ ಹಿಡಿದರೆ ಕೈಕಾಲು ನೋವು ಜಾಸ್ತಿ. ಹೊಸ ಔಷಧಿಯಿಂದ ಇಲಿಗಳಿಗೆ ಈ ಕಾಯಿಲೆ ವಾಸಿಯಾಯಿತು ಅಂತ ಮೊಬೈಲ್‌ನಲ್ಲಿ ನೋಡಿದ ಅವಳ ಅಪ್ಪ, ಹಾಗಾದರೆ ಈ ಮಾತ್ರೆ ಯಾಕೆ, ಅದೇ ಬರಲಿ ಅಂತಿದ್ದಾರೆ. ಏನು ಹೇಳಲಿ?

ಉತ್ತರ: ಮಾತ್ರೆ ನಿಲ್ಲಿಸಬೇಡಿ ಅಂತ ಇವತ್ತೇ ಹೋಗಿ ಹೇಳಿ. ಉಳಿದದ್ದು ಆಮೇಲೆ.

ಇಲಿಗೆ ಸಿಕಲ್ ಸೆಲ್ ತಾನಾಗಿ ಬರುವುದಿಲ್ಲ. ಇಲಿಯ ಸ್ವಂತ ಹಿಮೋಗ್ಲೋಬಿನ್ ಜೀನ್‌ಗಳನ್ನು ತೆಗೆದು, ಕಾಯಿಲೆ ಇರುವ ಮನುಷ್ಯರ ಜೀನ್‌ಗಳನ್ನು ಸೇರಿಸಿ ಅಂಥ ಇಲಿಗಳನ್ನು ತಯಾರು ಮಾಡುತ್ತಾರೆ. ಅಮೆರಿಕದ ಎರಡು ತಂಡಗಳು 1997ರಲ್ಲಿ ಇದನ್ನು ಮಾಡಿ ತೋರಿಸಿದವು. ಈ ಇಲಿಗಳಿಗೆ ರಕ್ತ ಕಡಿಮೆ ಇರುತ್ತದೆ, ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಇಷ್ಟು ಹೊಂದುತ್ತದೆ. ಆದರೆ ನೋವು? ಇಲಿ ಬಾಯಿಬಿಟ್ಟು ಹೇಳುವುದಿಲ್ಲವಲ್ಲ. ಅದನ್ನು ಜಾಲರಿ ಮೇಲೆ ನಿಲ್ಲಿಸಿ, ಕೆಳಗಿನಿಂದ ತೆಳ್ಳಗಿನ ನೈಲಾನ್ ಎಳೆಯಿಂದ ಪಾದ ಮುಟ್ಟುತ್ತಾರೆ. ಎಳೆಯ ದಪ್ಪ ಹೆಚ್ಚಿಸುತ್ತಾ ಹೋಗಿ, ಯಾವ ಎಳೆಗೆ ಕಾಲು ಹಿಂದಕ್ಕೆ ಎಳೆದುಕೊಂಡಿತು ಅಂತ ಬರೆದುಕೊಳ್ಳುತ್ತಾರೆ. ತಣ್ಣನೆಯ ತಟ್ಟೆ ಮೇಲೂ ಬಿಟ್ಟು ನೋಡುತ್ತಾರೆ. ಈ ಇಲಿಗಳು ಬೇರೆ ಇಲಿಗಳಿಗಿಂತ ಚಳಿಗೆ ಬೇಗ ಕಾಲೆತ್ತುತ್ತವೆ. ನೀವು ಹೇಳಿದ ಮಳೆಗಾಲದ ನೋವು ಮತ್ತು ಈ ಕಾಲೆತ್ತುವುದು, ಎರಡಕ್ಕೂ ಸಂಬಂಧ ಇದೆ. ಹಾಗಂತ ಎರಡೂ ಒಂದೇ ಅಲ್ಲ.

ಹುಡುಗಿ ನುಂಗುವ ಮಾತ್ರೆಯ ಕಥೆಯನ್ನೂ ಅವರಪ್ಪನಿಗೆ ಹೇಳಿ. ಅದು ಈ ಇಲಿಗಳಿಂದ ಬಂದದ್ದೇ ಅಲ್ಲ. ಹುಟ್ಟುವ ಮುಂಚೆ ಮಗುವಿನ ಮೈಯಲ್ಲಿ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ, ಅದು ಹೆಚ್ಚಿದ್ದರೆ ಕಣ ಬಾಗುವುದು ಕಡಿಮೆ. ಹೈಡ್ರಾಕ್ಸಿಯೂರಿಯಾ ಅದನ್ನು ಹೆಚ್ಚಿಸುತ್ತದೆ ಅಂತ 1984ರಲ್ಲಿ ಕೋತಿಗಳಲ್ಲಿ ಕಂಡಿತು. 1995ರಲ್ಲಿ 299 ದೊಡ್ಡವರ ಮೇಲೆ ನಡೆದ ಪರೀಕ್ಷೆಯಲ್ಲಿ ನೋವು ಬರುವ ಸಲಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಇಲಿ ಬಂದದ್ದು ಅದಾದ ಮೇಲೆ, ಮತ್ತು ಆ ಇಲಿಗಳಿಗೆ ಇದೇ ಮಾತ್ರೆ ಕೊಟ್ಟರೆ ಆ ಹಿಮೋಗ್ಲೋಬಿನ್ ಸರಿಯಾಗಿ ಏರುವುದೇ ಇಲ್ಲ! ಬರೀ ಇಲಿಯನ್ನೇ ನಂಬಿದ್ದರೆ ಇಂಥ ಒಳ್ಳೆಯ ಔಷಧಿ ಕೈತಪ್ಪುತ್ತಿತ್ತು.

ಇನ್ನು 'ಯಾವಾಗ' ಅನ್ನುವ ಪ್ರಶ್ನೆ. ಹುಟ್ಟುವ ಮುಂಚಿನ ಆ ಹಿಮೋಗ್ಲೋಬಿನ್ ಅನ್ನು ತಡೆಹಿಡಿಯುವ ಬಿಸಿಎಲ್11ಎ ಅನ್ನುವ ಜೀನಿನ ಕೆಲಸ ನಿಲ್ಲಿಸಿದರೆ ಇಲಿಗಳ ಕಾಯಿಲೆ ಸರಿಹೋಗುತ್ತದೆ ಅಂತ 2011ರಲ್ಲಿ ಗೊತ್ತಾಯಿತು. ಅದೇ ಜೀನಿನ ಬೆನ್ನು ಹತ್ತಿ ಬಂದ ಕ್ಯಾಸ್ಜೆವಿ ಅನ್ನುವ, ಜೀನ್ ತಿದ್ದುವ ಚಿಕಿತ್ಸೆಗೆ ಬ್ರಿಟನ್, ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2023ರ ಕೊನೆಗೆ. ಹನ್ನೆರಡು ವರ್ಷ ಹಿಡಿಯಿತು, ಅದೂ ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ನಿಜವಾದ ಅಪರೂಪದ ಕೇಸಿನಲ್ಲಿ. ಅನುಮತಿ ಸಿಕ್ಕಾಗ ಅದು 12 ವರ್ಷ ದಾಟಿದವರಿಗೆ, ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಹಾಡಿಯ ಮಗುವಿಗೆ ಇದು ಎಟುಕುವ ದಿನ ಬರಲೇಬೇಕು ಅಂತ ನನಗೆ ಬಹಳ ಆಸೆ ಇದೆ, ಆದರೆ ಆ ಆಸೆಯನ್ನು ನಂಬಿ ಈ ತಿಂಗಳ ಮಾತ್ರೆ ಬಿಡಲು ಆಗುವುದಿಲ್ಲ ಅಲ್ವಾ?

ಉಲ್ಟಾ ಆದದ್ದೂ ಇದೆ. ಇದೇ ಕಾಯಿಲೆಗೆ ಬಂದ ವೊಕ್ಸೆಲೊಟೋರ್ ಅನ್ನುವ ಮಾತ್ರೆ ಹಿಮೋಗ್ಲೋಬಿನ್ ಏರಿಸಿತು ಅಂತ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 2024ರ ಸೆಪ್ಟೆಂಬರ್‌ನಲ್ಲಿ ಇಡೀ ಜಗತ್ತಿನ ಮಾರುಕಟ್ಟೆಯಿಂದ ವಾಪಸ್ ಹೋಯಿತು. ನೋವು, ಸಾವಿನ ಲೆಕ್ಕ ನೋಡಿದಾಗ ಲಾಭಕ್ಕಿಂತ ಅಪಾಯವೇ ಹೆಚ್ಚು ಅನ್ನಿಸಿತು. ಒಂದು ಸಂಖ್ಯೆ ಏರಿದ ಮಾತ್ರಕ್ಕೆ ರೋಗಿ ಸುಧಾರಿಸಿದ ಅಂತಲ್ಲ, ಅದು ಇಲಿಯಲ್ಲಿರಲಿ, ಮನುಷ್ಯನಲ್ಲಿರಲಿ.

ಮಗುವನ್ನು ಬೆಚ್ಚಗಿಡಿ, ನೀರು ಚೆನ್ನಾಗಿ ಕುಡಿಸಿ. ಮಾತ್ರೆ ತಗೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆ ಬೇಕೇ ಬೇಕು. ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಪ್ರಶ್ನೆ: ಕಾಫಿಬೀಜದ ಸಾರದ ಮಾತ್ರೆ ಲಿವರ್ ಕೊಬ್ಬು ಕರಗಿಸುತ್ತದೆ, ಇಲಿಗಳಲ್ಲಿ ಸಾಬೀತಾಗಿದೆ ಅಂತ ಜಾಹೀರಾತು ಬಂದಿದೆ. ತಗೊಳ್ಳಬಹುದಾ? ನಮ್ಮದೇ ತೋಟದ ಬೆಳೆ ಅಂತ ಆಸೆ. — ಸುಂಟಿಕೊಪ್ಪದ ಬೆಳೆಗಾರರು

ಉತ್ತರ: ಬೇಡ. ಆ ಇಲಿಗಳಿಗೆ ಲಿವರ್ ಕೊಬ್ಬು ಹೇಗೆ ಬಂತು ಅಂತ ಕೇಳಿ. ಹೆಚ್ಚಿನ ಪ್ರಯೋಗಗಳಲ್ಲಿ ವಾರಗಟ್ಟಲೆ ಬರೀ ಜಿಡ್ಡಿನ ತಿಂಡಿ ಹಾಕಿರುತ್ತಾರೆ, ಕ್ಯಾಲೊರಿಯ ಅರ್ಧಕ್ಕಿಂತ ಹೆಚ್ಚು ಕೊಬ್ಬಿನಿಂದಲೇ. ನಿಮಗೆ ಬಂದದ್ದು ಸಕ್ಕರೆ ಕಾಯಿಲೆಯಿಂದಲೋ, ಕುಡಿತದಿಂದಲೋ, ವಯಸ್ಸಿನಿಂದಲೋ ಇರಬಹುದು. ಡೋಸ್ ಲೆಕ್ಕವೂ ಬೇರೆ. ಸಣ್ಣ ಇಲಿಗೆ (ಮೌಸ್) ಕೆಜಿಗೆ 120 ಮಿಲಿಗ್ರಾಂ ಕೊಟ್ಟಿದ್ದರೆ ಮನುಷ್ಯರಿಗೆ ಅಂದಾಜು 12ರಿಂದ ಭಾಗಿಸುತ್ತಾರೆ, ಅಂದರೆ ಕೆಜಿಗೆ 10. ಅದೂ ಪರೀಕ್ಷೆ ಶುರುಮಾಡಲು ಹಾಕುವ ಅಂದಾಜು ಅಷ್ಟೇ, ಡಬ್ಬಿ ಮೇಲೆ ಬರೆದು ಮಾರಲು ಅಲ್ಲ. ಡಾಕ್ಟರ್ ಹತ್ತಿರ ಲಿವರ್ ಪರೀಕ್ಷೆ ಮಾಡಿಸಿ. ಕಾಫಿ ಕುಡಿಯುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ.

ಪ್ರಶ್ನೆ: ಮಡಿಕೇರಿಯಲ್ಲಿ ಬಿಎಸ್ಸಿ ಓದ್ತಿದ್ದೀನಿ ಮೇಡಂ. ಔಷಧಿ ಸಂಶೋಧನೆ ಇಷ್ಟ, ಪ್ರಾಣಿಗಳನ್ನು ಕೊಲ್ಲಲು ಮನಸ್ಸಿಲ್ಲ. ದಾರಿ ಇದೆಯಾ?

ಉತ್ತರ: ಇದೆ, ಮೊದಲಿಗಿಂತ ಜಾಸ್ತಿಯೇ ಇದೆ. ಹೊಸ ಔಷಧಿಗೆ ಪ್ರಾಣಿ ಪರೀಕ್ಷೆ ಆಗಲೇಬೇಕು ಅನ್ನುವ ನಿಯಮವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ನಮ್ಮ ದೇಶವೂ 2023ರಲ್ಲಿ ನಿಯಮ ತಿದ್ದಿ ಜೀವಕೋಶ, ಚಿಪ್ ಮೇಲಿನ ಅಂಗಗಳಂಥ ವಿಧಾನಗಳಿಗೆ ಅವಕಾಶ ಕೊಟ್ಟಿದೆ. ಪ್ರಾಣಿಯಲ್ಲಿ ಸರಿ ಕಂಡದ್ದು ಮನುಷ್ಯರಿಗೆ ಮುಳುವಾಗಬಹುದು ಅನ್ನುವುದಕ್ಕೆ 2006ರ ಲಂಡನ್ ಘಟನೆ ನೋಡಿ: ಕೋತಿಗಳು ತಡೆದುಕೊಂಡ ಟಿಜಿಎನ್1412 ಔಷಧಿಯನ್ನು ಅದರ ಐನೂರರಲ್ಲೊಂದು ಪಾಲು ಕೊಟ್ಟರೂ ಆರು ಜನ ಆರೋಗ್ಯವಂತ ಯುವಕರು ಸಾವಿನಂಚಿಗೆ ಹೋದರು. ಆದರೂ ಔಷಧಿ ಇಡೀ ಮೈಯಲ್ಲಿ ಏನು ಮಾಡುತ್ತದೆ ಅಂತ ತಟ್ಟೆಯಲ್ಲಿ ಬೆಳೆಸಿದ ಕೋಶ ಒಂದೇ ಹೇಳಲಾರದು, ಆದ್ದರಿಂದ ಪ್ರಾಣಿ ಪರೀಕ್ಷೆ ಪೂರ್ತಿ ನಿಲ್ಲುತ್ತದೆ ಅಂತ ಸದ್ಯಕ್ಕೆ ನಾನು ಹೇಳಲಾರೆ. ರೋಗಿಯ ರಕ್ತದಿಂದಲೇ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಮಾಡಿ ಕಾಯಿಲೆ ಓದುವ ಕೆಲಸ ಬೆಂಗಳೂರಿನಲ್ಲಿ ನಡೆಯುತ್ತಿದೆ. ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಅನ್ನುವ ಅಲ್ಲಿನ ಸಂಸ್ಥೆಗಳ ಜಾಲತಾಣಗಳಲ್ಲಿ ಇಂಟರ್ನ್‌ಶಿಪ್ ಪ್ರಕಟಣೆ ನೋಡುತ್ತಿರಿ, ಜೀವಕೋಶ ಬೆಳೆಸುವುದು ಮತ್ತು ಸ್ವಲ್ಪ ಸಂಖ್ಯಾಶಾಸ್ತ್ರ ಈಗಿನಿಂದಲೇ ಕಲಿಯಿರಿ.