ಗುಡ್ಡ ಇಳಿಯುವ ಸೈಕಲ್ಲಿಗೆ ಎಂಥ ಚೈನ್ ಗೈಡ್?

ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಕಳೆದ ವರ್ಷ ಬೆಂಗಳೂರಿನಿಂದ ಬಳಸಿದ ಡೌನ್‌ಹಿಲ್ ಸೈಕಲ್ ಒಂದನ್ನು ಕೊಂಡುತಂದಿದ್ದೇನೆ. ಮುಂದೆ ಪೆಡಲಿನೊಂದಿಗೆ ತಿರುಗುವ 36 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 10 ಗೇರುಗಳಿವೆ. ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟದಿಂದ ಇಳಿಯುವ ಹಾದಿಯಲ್ಲಿ ಓಡಿಸುತ್ತೇನೆ. ಒಂದು ಸಲ ಇಳಿಯುವಷ್ಟರಲ್ಲಿ ಎರಡು ಬಾರಿಯಾದರೂ ಚೈನ್ ಕಳಚಿ ಬೀಳುತ್ತದೆ. ಚೈನ್ ಕಳಚದಂತೆ ಹಿಡಿದಿಡಲು ಸೈಕಲ್ಲಿನ ಜೊತೆಗೇ ಬಂದ ಚೈನ್ ಗೈಡಿನ ಕೆಳಗಿನ ರೋಲರ್ ಕೆಸರು ಹಿಡಿದು ತಿರುಗುತ್ತಿಲ್ಲ, ಅದನ್ನು ಫ್ರೇಮಿಗೆ ಜೋಡಿಸುವ ತಟ್ಟೆಯೂ ಬಗ್ಗಿದೆ. ಹೊಸದು ಹಗುರವಾಗಿಯೂ ಇರಬೇಕು, ನಮ್ಮ ಮಳೆಗಾಲವನ್ನು ತಡೆದು ಬಾಳಲೂ ಬೇಕು. ಅಲ್ಯೂಮಿನಿಯಂ ತರಿಸಲೋ, ಕಾರ್ಬನ್ ತರಿಸಲೋ ತಿಳಿಸಿ.

ಉತ್ತರ: ಅಲ್ಯೂಮಿನಿಯಂ ತಟ್ಟೆಯದನ್ನೇ ತರಿಸಿ, ಆದರೆ ಕೆಳಗಿನ ರೋಲರ್ ಇಲ್ಲದ್ದನ್ನು ಆರಿಸಿ. ನಿಮಗೆ ಬೇಕಾದ ಹಗುರತನ ಬರಬೇಕಾದದ್ದು ತಟ್ಟೆಯನ್ನು ತೆಳುವಾಗಿಸುವುದರಿಂದಲ್ಲ, ಬೇಡವಾದ ಭಾಗವನ್ನು ತೆಗೆದುಹಾಕುವುದರಿಂದ. ಹೀಗೇಕೆ ಹೇಳುತ್ತೇನೆಂಬುದು ತಿಳಿಯಬೇಕಾದರೆ ಚೈನ್ ಬೀಳುವುದು ಹೇಗೆ ಎಂಬಲ್ಲಿಂದ ಆರಂಭಿಸಬೇಕು.

ಪೆಡಲ್ ತುಳಿಯದೆ ಇಳಿಯುವಾಗ ಚೈನಿನ ಮೇಲಿನ ಓಟದಲ್ಲಿ ಬಿಗಿ ಇರುವುದಿಲ್ಲ. ಅದನ್ನು ಎಳೆದು ಹಿಡಿದಿರುವುದು ಹಿಂದಿನ ಡೀರೇಲರಿನ, ಅಂದರೆ ಗೇರ್ ಬದಲಿಸುವ ಸಾಧನದ, ಸ್ಪ್ರಿಂಗ್ ಒಂದೇ. ಬೇರಿನ ಮೇಲೋ ಜಂಬಿಟ್ಟಿಗೆಯ ಮೆಟ್ಟಿಲಿನ ಮೇಲೋ ಚಕ್ರ ಬಡಿದಾಗ ಡೀರೇಲರಿನ ತೋಳು ಮುಂದಕ್ಕೆ ತೂಗಿ, ಚೈನ್ ಸಡಿಲವಾಗಿ, ಹಾವಿನಂತೆ ಮೇಲಕ್ಕೂ ಕೆಳಕ್ಕೂ ಹೊಯ್ದಾಡುತ್ತದೆ. ಜೊತೆಗೆ ಹಿಂದಿನ ಸಸ್ಪೆನ್ಷನ್ ಕುಗ್ಗಿ ಹಿಗ್ಗುವಾಗ ಮುಂದಿನ ಚೈನ್‌ರಿಂಗಿಗೂ ಹಿಂದಿನ ಹಲ್ಲುಚಕ್ರಕ್ಕೂ ನಡುವಿನ ಅಂತರವೂ ಬದಲಾಗುತ್ತಿರುತ್ತದೆ. ಈ ಹೊಯ್ದಾಟದ ನಡುವೆ ಚೈನ್‌ರಿಂಗಿನ ನೆತ್ತಿಯಲ್ಲಿ, ಚೈನ್ ಹಲ್ಲುಗಳ ಮೇಲೆ ಕೂರುವ ಜಾಗದಲ್ಲಿ, ಒಂದು ಕೊಂಡಿ ಹಲ್ಲನ್ನು ಬಿಟ್ಟು ಪಕ್ಕಕ್ಕೆ ಸರಿದರೆ ಸಾಕು, ಮುಂದಿನ ಒಂದು ತುಳಿತಕ್ಕೆ ಇಡೀ ಚೈನ್ ಹೊರಗೆ ಬರುತ್ತದೆ. ಆದ್ದರಿಂದ ಕಾಯಬೇಕಾದ ಮುಖ್ಯ ಜಾಗ ಮೇಲಿನದು, ಕೆಳಗಿನದಲ್ಲ.

ಹಾಗಿದ್ದರೆ ಹಿಂದಿನವರು ಕೆಳಗೆ ರೋಲರ್ ಏಕೆ ಇಡುತ್ತಿದ್ದರು? ಆಗ ಚೈನ್‌ರಿಂಗಿನ ಹಲ್ಲುಗಳೆಲ್ಲ ಒಂದೇ ದಪ್ಪದವು, ಡೀರೇಲರಿನ ತೋಳು ತೂಗದಂತೆ ಬಿಗಿಹಿಡಿಯುವ ಕ್ಲಚ್ ಇರಲಿಲ್ಲ. ಕೆಳಗಿನಿಂದ ಚೈನನ್ನು ಎತ್ತಿ ಹಿಡಿದು, ಹೆಚ್ಚು ಹಲ್ಲುಗಳಿಗೆ ಸುತ್ತಿಕೊಳ್ಳುವಂತೆ ಮಾಡುವುದು ಅನಿವಾರ್ಯವಾಗಿತ್ತು. 2011ರಲ್ಲಿ ಶಿಮಾನೊ ಕಂಪನಿಯ ಡೀರೇಲರಿಗೆ ಕ್ಲಚ್ ಬಂದಿತು, 2012ರಲ್ಲಿ ಇನ್ನೊಂದು ಕಂಪನಿ ಸ್ರ್ಯಾಮ್ ಒಂದು ದಪ್ಪ ಒಂದು ತೆಳು ಹಲ್ಲಿನ ಚೈನ್‌ರಿಂಗನ್ನು ಮಾರುಕಟ್ಟೆಗೆ ತಂದಿತು. ಚೈನಿನ ಹೊರಕೊಂಡಿಯ ಅಗಲವಾದ ಸಂದಿಯನ್ನು ದಪ್ಪ ಹಲ್ಲು, ಒಳಕೊಂಡಿಯ ಕಿರಿದಾದ ಸಂದಿಯನ್ನು ತೆಳು ಹಲ್ಲು ತುಂಬುವುದರಿಂದ ಚೈನ್ ಪಕ್ಕಕ್ಕೆ ಸರಿಯಲು ಎಡೆಯೇ ಸಿಗುವುದಿಲ್ಲ. ಈ ಎರಡೂ ಸರಿಯಾಗಿರುವ ಸೈಕಲ್ಲಿಗೆ ಮೇಲೆ ಚೈನನ್ನು ಸುತ್ತುವರಿದು ಹಿಡಿಯುವ ಒಂದು ಕೇಜ್, ಕೆಳಗೆ ಕಲ್ಲಿನ ಪೆಟ್ಟು ತಡೆಯುವ ಬ್ಯಾಶ್ ಗಾರ್ಡ್ ಇದ್ದರೆ ಸಾಕಾಗುತ್ತದೆ.

ಆದುದರಿಂದ ಹಣ ಖರ್ಚು ಮಾಡುವ ಮೊದಲು ಒಂದು ಸಂಜೆ ಕೂತು ಮೂರು ಸಂಗತಿಗಳನ್ನು ಪರೀಕ್ಷಿಸಿ. ನಿಮ್ಮ ಡೀರೇಲರಿಗೆ ಕ್ಲಚ್ ಇದೆಯೇ, ಇದ್ದರೆ ಅದು ಕೆಲಸ ಮಾಡುತ್ತಿದೆಯೇ? ಶಿಮಾನೊದಲ್ಲಿ ಇದಕ್ಕೊಂದು ಸಣ್ಣ ಲಿವರ್ ಇರುತ್ತದೆ. ಚಕ್ರ ಬಿಚ್ಚುವಾಗ ಅದನ್ನು ಆಫ್ ಮಾಡಿ ಮತ್ತೆ ಹಾಕಲು ಮರೆಯುವವರು ಬಹಳ. ಲಿವರ್ ಹಾಕಿದಾಗ ಡೀರೇಲರಿನ ತೋಳನ್ನು ಕೈಯಿಂದ ಮುಂದಕ್ಕೆ ತಳ್ಳಿದರೆ ಗಟ್ಟಿಯಾಗಿ ಎದುರಿಸಬೇಕು. ಎದುರಿಸದಿದ್ದರೆ ಒಳಗೆ ನೀರು ಹೋಗಿ ಗ್ರೀಸ್ ತೊಳೆದುಹೋಗಿರಬಹುದು ಅಥವಾ ಬಿಗಿ ಸಡಿಲವಾಗಿರಬಹುದು, ಎರಡನ್ನೂ ಸರಿಪಡಿಸಬಹುದು. ಎರಡನೆಯದು ಚೈನಿನ ಸವೆತ. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಅಂಗುಲ. ಉಕ್ಕಿನ ಸ್ಕೇಲ್ ಇಟ್ಟು ಅಳೆದಾಗ ಅದು ಒಂದೂವರೆ ಮಿ.ಮೀ. ಹೆಚ್ಚು ತೋರಿಸಿದರೆ ಚೈನ್ ಬದಲಿಸುವ ಕಾಲ ಹತ್ತಿರ ಬಂದಿದೆ, 3 ಮಿ.ಮೀ. ತೋರಿಸಿದರೆ ಹಲ್ಲುಗಳೂ ಸವೆದಿರುತ್ತವೆ. ಮೂರನೆಯದು ಚೈನ್‌ರಿಂಗ್. ಹಲ್ಲುಗಳು ಒಂದು ದಪ್ಪ ಒಂದು ತೆಳುವಾಗಿವೆಯೇ, ತುದಿಗಳು ಮೀನಿನ ಗಾಳದಂತೆ ಬಾಗಿವೆಯೇ ನೋಡಿ. ಈ ಮೂರರಲ್ಲಿ ಯಾವುದು ಕೆಟ್ಟಿದ್ದರೂ ಎಷ್ಟು ದುಬಾರಿ ಗೈಡ್ ಹಾಕಿದರೂ ಚೈನ್ ಬೀಳುವುದು ತಪ್ಪುವುದಿಲ್ಲ.

ಇನ್ನು ತೂಕದ ಮಾತು. ಮೇಲಿನ ಕೇಜ್, ಕೆಳಗಿನ ರೋಲರ್, ಬ್ಯಾಶ್ ಗಾರ್ಡ್ ಮೂರೂ ಇರುವ ಗೈಡುಗಳು ಸುಮಾರು 150ರಿಂದ 250 ಗ್ರಾಂ ತೂಗುತ್ತವೆ. ಮೇಲಿನ ಕೇಜ್ ಮಾತ್ರ ಇರುವವು ಹೆಚ್ಚಾಗಿ 40ರಿಂದ 70 ಗ್ರಾಂ. ಕೇಜ್ ಮತ್ತು ಬ್ಯಾಶ್ ಗಾರ್ಡ್ ಸೇರಿ ರೋಲರ್ ಇಲ್ಲದವು ಇವೆರಡರ ನಡುವೆ ನಿಲ್ಲುತ್ತವೆ. ನಿಮಗೆ ಸರಿಹೊಂದುವುದು ಈ ನಡುವಿನದು. ರೋಲರ್ ತೆಗೆದರೆ ಅದರ ತೋಳು, ಬೇರಿಂಗ್, ಬೋಲ್ಟ್ ಎಲ್ಲದರ ತೂಕವೂ ಹೋಗುತ್ತದೆ, ಅದರ ಗರಗರ ಸದ್ದೂ ಎಳೆತವೂ ಹೋಗುತ್ತವೆ, ಕೆಸರು ಹಿಡಿದು ನಿಲ್ಲುವ ಒಂದು ಜಾಗವೂ ಕಡಿಮೆಯಾಗುತ್ತದೆ. ಕಾರ್ಬನ್ ತಟ್ಟೆ ಕೊಂಡು ಉಳಿಸುವುದಾದರೂ ಎಷ್ಟು? ಕೆಲವು ಹತ್ತು ಗ್ರಾಂ ಮಾತ್ರ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕೆಂಪು ಅರಲು ಒಂದೇ ಇಳಿಜಾರಿನಲ್ಲಿ ಎರಡು ಟೈರಿಗೆ ಮೆತ್ತಿಕೊಳ್ಳುವ ತೂಕದ ಮುಂದೆ ಅದು ಲೆಕ್ಕಕ್ಕೇ ಬಾರದು.

ಕಾರ್ಬನ್ ಬೇಡವೆನ್ನಲು ಇನ್ನೊಂದು ಕಾರಣವಿದೆ, ಅದನ್ನು ನಾನು ಕೈಯಾರೆ ಅನುಭವಿಸಿದ್ದೇನೆ. ಕೊಪ್ಪದ ಕಡೆಯ ಸ್ನೇಹಿತರ ಕಾಫಿ ತೋಟದ ಹಾದಿಯಲ್ಲಿ ಇಳಿಯುವಾಗ ನನ್ನ ಗೈಡ್ ಧರೆಯ ಅಂಚಿನ ಕಲ್ಲಿಗೆ ತಗುಲಿ ಕಾರ್ಬನ್ ತಟ್ಟೆ ಸೀಳಿತು. ಅಲ್ಯೂಮಿನಿಯಂ ಆಗಿದ್ದರೆ ಬಗ್ಗುತ್ತಿತ್ತು, ಅಡ್ಜಸ್ಟಬಲ್ ಸ್ಪ್ಯಾನರಿನಿಂದ ಹಿಡಿದು ಮೆಲ್ಲನೆ ನೇರ ಮಾಡಿಕೊಂಡು ಮನೆಗೆ ಬರಬಹುದಾಗಿತ್ತು. ಸೀಳಿದ ಕಾರ್ಬನ್ ತುಣುಕು ಚೈನಿಗೆ ಸಿಕ್ಕಿಕೊಂಡಿದ್ದರಿಂದ ನಾಲ್ಕು ಕಿಲೋಮೀಟರ್ ಸೈಕಲ್ ನೂಕಿಕೊಂಡು ಬಂದೆ. ಅಲ್ಯೂಮಿನಿಯಂನಲ್ಲಿಯೂ 6061 ಮತ್ತು 7075 ಎಂಬ ಎರಡು ಬಗೆ ಸಾಮಾನ್ಯ. 7075 ಹೆಚ್ಚು ಗಟ್ಟಿ, ಆದ್ದರಿಂದ ತೆಳುವಾಗಿ ಕತ್ತರಿಸಬಹುದು. 6061 ಸ್ವಲ್ಪ ಮೆದು, ಬಗ್ಗಿದರೆ ತಿದ್ದಲು ಸುಲಭ. ಯಾವುದನ್ನಾದರೂ ಎರಡನೆಯ ಸಲ ಬಗ್ಗಿಸಿ ತಿದ್ದಬೇಡಿ, ಬಿರುಕು ಬಿಡುತ್ತದೆ.

ಈಗ ಅತಿ ಮುಖ್ಯವಾದದ್ದು, ಕೂರಿಸುವ ಜಾಗ. ಫ್ರೇಮಿನಲ್ಲಿ ಪೆಡಲಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್ಟಿನ ಸುತ್ತ ಮೂರು ತೂತಿನ ಕಿವಿಗಳಿವೆಯೇ ನೋಡಿ. ಡೌನ್‌ಹಿಲ್ ಸೈಕಲ್ಲಾದ್ದರಿಂದ ಬಹುಶಃ ಇರುತ್ತವೆ. ಈ ಮೂರು ತೂತಿನ ಅಳತೆಗೆ ಐ.ಎಸ್.ಸಿ.ಜಿ. ಎಂದು ಹೆಸರು, ಅದರಲ್ಲಿ ಹಳೆಯದು ಮತ್ತು '05' ಎಂದು ಎರಡು ಬಗೆಗಳಿವೆ. ಬೇರಿಂಗುಗಳು ಫ್ರೇಮಿನ ಹೊರಗೆ ಕೂರುವ ಬಾಟಮ್ ಬ್ರಾಕೆಟ್ಟುಗಳು ಬಂದ ಮೇಲೆ ಅವುಗಳ ದಪ್ಪ ಬಟ್ಟಲಿಗೆ (ಕಪ್) ಜಾಗ ಬೇಕಾಗಿ 05ರಲ್ಲಿ ತೂತುಗಳನ್ನು ಇನ್ನಷ್ಟು ದೂರಕ್ಕೆ ಸರಿಸಲಾಯಿತು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಳಸಿದ ಸೈಕಲ್ ಕೊಂಡವರು ಎಡವುವುದು ಇಲ್ಲೇ. ಹಳೆಯ ಗೈಡ್ ಬಿಚ್ಚಿ, ಕಿವಿಗಳ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ತೂತುಗಳ ಅಚ್ಚು ತೆಗೆದುಕೊಳ್ಳಿ. ಅದನ್ನು ತಯಾರಕರು ಕೊಡುವ ನಕ್ಷೆಯ ಅಳತೆಗೆ ಹೋಲಿಸಿದ ಮೇಲೆಯೇ ಹಣ ಕಳಿಸಿ. ಚೈನ್‌ರಿಂಗಿನ ಹಲ್ಲುಗಳ ಸಂಖ್ಯೆಯನ್ನೂ ನೋಡಬೇಕು, ಏಕೆಂದರೆ ಕೆಲವು ಬ್ಯಾಶ್ ಗಾರ್ಡುಗಳು 34 ಹಲ್ಲಿನವರೆಗೆ ಮಾತ್ರ ರಕ್ಷಣೆ ಕೊಡುತ್ತವೆ, ನಿಮ್ಮದು 36. ಎಂ.ಆರ್.ಪಿ., ಇ-ಥರ್ಟೀನ್, ಒನ್‌ಅಪ್ ಮುಂತಾದ ತಯಾರಕರು ಕೇಜ್ ಮತ್ತು ಬ್ಯಾಶ್ ಗಾರ್ಡ್ ಮಾತ್ರ ಇರುವ ಗೈಡುಗಳನ್ನು ಮಾಡುತ್ತಾರೆ. ಇವುಗಳಲ್ಲಿ ಯಾವುದರ ಬಿಡಿ ಭಾಗ, ಅಂದರೆ ಕೇಜಿನ ಒಳಗಿನ ಪ್ಲಾಸ್ಟಿಕ್ ಮತ್ತು ಬ್ಯಾಶ್ ಗಾರ್ಡಿನ ಹೊರತಟ್ಟೆ, ನಿಮಗೆ ಬೇರೆಯಾಗಿ ಸಿಗುತ್ತದೆಯೋ ಅದನ್ನು ಆರಿಸಿ. ಎರಡು ಮಳೆಗಾಲ ಬಾಳುವ ಗೈಡ್ ಎಂದರೆ ನನ್ನ ಲೆಕ್ಕದಲ್ಲಿ ಸವೆಯದ ಗೈಡ್ ಅಲ್ಲ, ಸವೆದ ಭಾಗವನ್ನಷ್ಟೇ ಬದಲಿಸಲು ಬರುವ ಗೈಡ್.

ಕೇಜ್ ಮುಚ್ಚಿದ ಡಬ್ಬಿಯಂತಿರದೆ ಪಕ್ಕದಲ್ಲಿ ಕಿಟಕಿಯಂತೆ ತೆರೆದಿರಲಿ. ಅಕೇಶಿಯಾ ನೆಡುತೋಪಿನ ದರಗು, ಕಡ್ಡಿ, ಅರಲು ಎಲ್ಲ ಒಳಗೆ ಸೇರಿ ಗಟ್ಟಿಯಾದರೆ ಚೈನೇ ನಿಂತುಹೋಗುತ್ತದೆ. ಒಂದೇ ಬೋಲ್ಟ್ ಸಡಿಲಿಸಿ ಅಥವಾ ಕೈಯಿಂದಲೇ ತೆರೆಯಬಹುದಾದ ಕೇಜ್ ಇದ್ದರೆ ದಾರಿಯಲ್ಲಿ ಉಂಬಳ ಕಾಲಿಗೆ ಹತ್ತುವ ಮೊದಲೇ ಕೆಲಸ ಮುಗಿಸಬಹುದು.

ಕೂರಿಸುವಾಗ ಕೇಜ್ ಚೈನ್‌ರಿಂಗಿನ ಹಲ್ಲಿನ ತುದಿಯಿಂದ 2-3 ಮಿ.ಮೀ. ಮೇಲಿರಲಿ. ಸೈಕಲ್ಲನ್ನು ಎತ್ತಿ ಹಿಡಿದು ಎಲ್ಲ 10 ಗೇರಿನಲ್ಲಿಯೂ ಪೆಡಲ್ ತಿರುಗಿಸಿ, ಚೈನ್ ಎಲ್ಲಿಯೂ ಉಜ್ಜಬಾರದು. ಒಳಗೆ ಉಜ್ಜಿದರೆ ಒಂದು ಕಡೆ, ಹೊರಗೆ ಉಜ್ಜಿದರೆ ಇನ್ನೊಂದು ಕಡೆ, ಜೊತೆಗೆ ಬರುವ ತೆಳು ವಾಷರುಗಳನ್ನು ಕೂಡಿಸಿಯೋ ಕಳೆದೋ ಸರಿಪಡಿಸಬೇಕು. ತಟ್ಟೆಯ ಬೋಲ್ಟುಗಳಿಗೆ ನೀಲಿ ಬಣ್ಣದ ಥ್ರೆಡ್‌ಲಾಕ್ ಹಚ್ಚಿ, ಇಲ್ಲವಾದರೆ ನಡುಕಕ್ಕೆ ಬಿಚ್ಚಿಕೊಳ್ಳುತ್ತವೆ. ಆದರೆ ಅದರ ಹನಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಅದು ತಗುಲಿದ ಪಾಲಿಕಾರ್ಬೊನೇಟ್ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಪೆಟ್ರೋಲಿನಿಂದಲೂ ಹೀಗೆಯೇ ಆಗುತ್ತದೆ. ನಮ್ಮಲ್ಲಿ ಚೈನನ್ನು ಪೆಟ್ರೋಲಿನಲ್ಲಿ ತೊಳೆಯುವ ರೂಢಿ ಇರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಚೈನನ್ನು ಬಿಚ್ಚಿ ಬೇರೆ ಪಾತ್ರೆಯಲ್ಲಿ ತೊಳೆಯಿರಿ, ಗೈಡಿಗೆ ಸಾಬೂನು ನೀರು ಸಾಕು.

ಪ್ರಶ್ನೆ: ನನ್ನದು ಶಿವಮೊಗ್ಗದಲ್ಲೇ ಕೊಂಡ ಸಾಧಾರಣ ಗುಡ್ಡದ ಸೈಕಲ್. ಮುಂದೆ ಮೂರು ಚೈನ್‌ರಿಂಗ್‌ಗಳಿವೆ, ಫ್ರೇಮಿನಲ್ಲಿ ನೀವು ಹೇಳುವಂಥ ಕಿವಿಗಳಿಲ್ಲ. ಇದಕ್ಕೂ ಚೈನ್ ಗೈಡ್ ಹಾಕಬಹುದೇ?

ಉತ್ತರ: ಮೂರು ಚೈನ್‌ರಿಂಗ್ ಇರುವವರೆಗೆ ಹಾಕಲು ಬರುವುದಿಲ್ಲ, ಏಕೆಂದರೆ ಗೈಡ್ ಚೈನನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ಸಾಧನ. ನಿಮ್ಮ ಮುಂದಿನ ಡೀರೇಲರೇ ಒಂದು ಮಟ್ಟಿಗೆ ಆ ಕೆಲಸ ಮಾಡುತ್ತಿದೆ. ಮುಂದೆ ಒಂದೇ ಚೈನ್‌ರಿಂಗಿಗೆ ಬದಲಿಸಿಕೊಂಡರೆ, ಬಾಟಮ್ ಬ್ರಾಕೆಟ್ಟಿನ ಬಟ್ಟಲು ಮತ್ತು ಫ್ರೇಮಿನ ನಡುವೆ ಸಿಕ್ಕಿಸುವ ಗೈಡ್ ಅಥವಾ ಸೀಟ್ ಟ್ಯೂಬಿಗೆ ಪಟ್ಟಿ ಹಾಕಿ ಕಟ್ಟುವ ಮೇಲ್ಕೇಜ್ ಹೊಂದುತ್ತದೆ. ಮೊದಲನೆಯದಕ್ಕೆ ತಿರುಪಿ ಕೂರಿಸುವ (ಥ್ರೆಡ್ ಇರುವ) ಬಾಟಮ್ ಬ್ರಾಕೆಟ್ ಬೇಕು, ಒತ್ತಿ ಕೂರಿಸಿದ ಬೇರಿಂಗಿನದಕ್ಕೆ ಆಗದು. ಹೀಗೆ ಸಿಕ್ಕಿಸಿದ ಗೈಡಿಗೆ ಬ್ಯಾಶ್ ಗಾರ್ಡ್ ಜೋಡಿಸಬೇಡಿ. ಕಲ್ಲು ಬಡಿದರೆ ಇಡೀ ತಟ್ಟೆ ತಿರುಗಿ ಚೈನಿಗೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಸಾಗರದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಹೊರದೇಶದ ಗೈಡಿಗೆ ಅಷ್ಟು ಹಣ ಕೊಡುವ ಬದಲು ನಾವೇ ಮಾಡಿಕೊಂಡರೆ ಆಗದೇ? ಗಟ್ಟಿಯಾಗಿರಲೆಂದು 4 ಮಿ.ಮೀ. ಕಬ್ಬಿಣದ ತಗಡಿನಲ್ಲಿ ಮಾಡುವ ಯೋಚನೆಯಿದೆ.

ಉತ್ತರ: ಮಾಡಿಕೊಳ್ಳಬಹುದು, ಮಾಡಿ ಎಂದೇ ಹೇಳುತ್ತೇನೆ. ಆದರೆ ಕಬ್ಬಿಣ ಬೇಡ. ಬ್ಯಾಶ್ ಗಾರ್ಡಿಗೆ ಬಡಿದ ಪೆಟ್ಟು ತಟ್ಟೆಯ ಮೂಲಕ ಫ್ರೇಮಿನ ಮೂರು ಕಿವಿಗಳಿಗೆ ಹೋಗುತ್ತದೆ. ತಟ್ಟೆ ಬಗ್ಗಿದರೆ ಪೆಟ್ಟಿನ ಬಹುಭಾಗ ಅಲ್ಲೇ ಮುಗಿಯುತ್ತದೆ. ತಟ್ಟೆ ಬಗ್ಗದಷ್ಟು ಗಟ್ಟಿಯಾಗಿದ್ದರೆ ಕಿವಿಯೇ ಮುರಿಯುತ್ತದೆ, ಮತ್ತು ಅಲ್ಯೂಮಿನಿಯಂ ಫ್ರೇಮಿನ ಕಿವಿಯನ್ನು ಬೆಸೆದು ಮೊದಲಿನ ಬಲಕ್ಕೆ ತರುವುದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. 6061 ಅಲ್ಯೂಮಿನಿಯಂನ 4 ಮಿ.ಮೀ. ತಗಡನ್ನು ಬಳಸಿ, ಕಾಗದದ ಅಚ್ಚನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಸೈಕಲ್ಲಿಗೆ ಕೂರಿಸಿ ನೋಡಿದ ಮೇಲೆಯೇ ಲೋಹಕ್ಕೆ ಕೈಹಾಕಿ. ಬೋಲ್ಟಿನ ತೂತುಗಳನ್ನು ತುಸು ಉದ್ದಕ್ಕೆ ಕೊರೆದರೆ ತಟ್ಟೆಯನ್ನು ಅತ್ತಿತ್ತ ತಿರುಗಿಸಿ ಹೊಂದಿಸಲು ಅನುಕೂಲ. ಚೈನ್ ಮುಟ್ಟುವ ಕೇಜಿಗೆ ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆಯ ತುಂಡು ಚೆನ್ನಾಗಿ ಬರುತ್ತದೆ. ಗರಗಸಕ್ಕೆ ಸುಲಭವಾಗಿ ಬಗ್ಗುತ್ತದೆ, ನೀರು ಕುಡಿಯುವುದಿಲ್ಲ, ಚೈನ್ ತಗುಲಿದರೆ ಸದ್ದೂ ಕಡಿಮೆ.

ನಿಮ್ಮ ಡೀರೇಲರಿಗೆ ಕ್ಲಚ್ ಇಲ್ಲದೆ ಕೆಳಗಿನ ರೋಲರ್ ಬೇಕೇ ಬೇಕೆನಿಸಿದರೆ, ಅದರ ಬೇರಿಂಗನ್ನು ಪಂಪ್‌ಸೆಟ್ಟಿಗೆ ಬೇರಿಂಗ್ ಮಾರುವ ಅಂಗಡಿಯಲ್ಲಿಯೇ ಕೇಳಿ. ಹಳೆಯದರ ಮೇಲೆ ಕೆತ್ತಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಿ, ಸಂಖ್ಯೆಯ ಕೊನೆಗೆ '2ಆರ್‌ಎಸ್' ಎಂದಿರುವುದನ್ನು ಕೊಡಿ ಎನ್ನಿ. ಎರಡೂ ಪಕ್ಕಕ್ಕೆ ರಬ್ಬರ್ ಸೀಲ್ ಇದೆ ಎಂಬುದಕ್ಕೆ ಆ ಗುರುತು. ಜೂನ್ ಆರಂಭದಲ್ಲಿ ಒಂದು, ಪುಷ್ಯ ಮಳೆ ಮುಗಿದ ಮೇಲೆ ಇನ್ನೊಂದು ಹಾಕುವ ಲೆಕ್ಕದಲ್ಲಿ ಎರಡನ್ನು ಒಟ್ಟಿಗೇ ತಂದಿಟ್ಟುಕೊಳ್ಳಿ.