ಪ್ರತಿಕ್ರಿಯೆ: ಕಾಲೇಜಿನ ಇತಿಹಾಸ ಸಂಘಕ್ಕೆ ನೋಂದಣಿ ಬೇಕೇ?

ವಿಜಯಪುರದ ನಿಮ್ಮ ಪದವಿ ಕಾಲೇಜಿನಲ್ಲಿ ಇತಿಹಾಸ ಸಂಘ ಆರಂಭಿಸಲು ಸರ್ಕಾರಿ ನೋಂದಣಿ ಅಗತ್ಯವೇ, ಮೊದಲ ಕಾರ್ಯಕ್ರಮ ಯಾವುದಿರಬೇಕು ಎಂದು ಕೇಳಿದ್ದೀರಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ನೋಂದಣಿಗೆ ಕನಿಷ್ಠ 7 ಜನ ಬೇಕೆಂಬುದು ನಿಜ; ಆದರೆ ಕಾಲೇಜಿನೊಳಗೇ ನಡೆಯುವ ಸಂಘಕ್ಕೆ ಆ ಗೋಜು ಬೇಕಿಲ್ಲ, ಪ್ರಾಂಶುಪಾಲರ ಲಿಖಿತ ಅನುಮತಿ ಮತ್ತು ಹೊಣೆ ಹೊರಲು ಒಪ್ಪಿದ ಒಬ್ಬ ಅಧ್ಯಾಪಕರಿದ್ದರೆ ಸಾಕು.

ನಿಜವಾದ ತೊಡಕು ಇರುವುದು ಸಮಯದಲ್ಲಿ. ನಾವು ಸಂಘ ಕಟ್ಟಿದಾಗ ಸಭೆಯನ್ನು ಸಂಜೆ ನಾಲ್ಕೂವರೆಗೆ ಇಟ್ಟಿದ್ದೆವು; ಮೊದಲ ದಿನ ಹಾಜರಿ ಪುಸ್ತಕದ ಎರಡು ಪುಟ ತುಂಬಿದ್ದವು, ಮೂರನೆಯ ವಾರ ಐದೇ ಸಹಿಗಳಿದ್ದವು, ಏಕೆಂದರೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯವರೆಲ್ಲ ಪಾಸ್ ಹಿಡಿದು ಆಗಲೇ ಬಸ್ ನಿಲ್ದಾಣದಲ್ಲಿರುತ್ತಿದ್ದರು. ಸಭೆಯನ್ನು ಮಧ್ಯಾಹ್ನದ ಬುತ್ತಿಯ ವೇಳೆಗೆ ತಂದ ಮೇಲೆ ರೊಟ್ಟಿ, ಶೇಂಗಾ ಹಿಂಡಿಯ ಜೊತೆಗೇ ಚರ್ಚೆಯೂ ನಡೆಯತೊಡಗಿತು.

ಮೊದಲ ಕಾರ್ಯಕ್ರಮಕ್ಕೆ ಗೋಳಗುಮ್ಮಟ ಬೇಡವೆಂಬುದು ನನ್ನ ಅಭಿಪ್ರಾಯ. ಶಾಲಾ ಪ್ರವಾಸದಲ್ಲಿ ಅಲ್ಲಿ ಕೂಗಿ ಪ್ರತಿಧ್ವನಿ ಕೇಳದವರು ನಮ್ಮೂರಲ್ಲಿ ಸಿಗುವುದು ಕಷ್ಟ. ಬದಲಿಗೆ ಆದಿಲ್‌ಶಾಹಿ ಕಾಲದ ತಾಜ್ ಬಾವಡಿ ಎಂಬ ದೊಡ್ಡ ಬಾವಿಗೆ ಹೋಗಿ, ನಗರಕ್ಕೆ ನೆಲದಡಿಯ ಸುರಂಗಗಳಲ್ಲಿ ನೀರು ತಂದ ಕರೇಜ್ ವ್ಯವಸ್ಥೆಯ ಬಗ್ಗೆ ಒಬ್ಬ ವಿದ್ಯಾರ್ಥಿಯೇ ಹತ್ತು ನಿಮಿಷ ಮಾತನಾಡಲಿ. ಹಾರ, ಶಾಲುಗಳ ಉದ್ಘಾಟನಾ ಸಮಾರಂಭವನ್ನು ಆಮೇಲೆ ನೋಡಿಕೊಳ್ಳಬಹುದು. ಚಂದಾ ಎತ್ತುವುದಾದರೆ ಮಾತ್ರ, ಹತ್ತೇ ರೂಪಾಯಿಯಾದರೂ ರಸೀದಿ ಕೊಡಿರಿ.